ಗಿರಣಿಯವರ ಪಿಸುಮಾತು

ಹಿಟ್ಟಿನ ಗಿರಣಿಯವರ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಮನೆಯ ಮುಂಭಾಗವೇ ಗಿರಣಿ. ಅಡುಗೆಮನೆಗೂ ಗಿರಣಿಯ ಕಲ್ಲಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಯಲ್ಲೂ ಒಂದು ಕಿಟಕಿ. ಬೆಳಗ್ಗೆ ಮೋಟಾರ್ ಶುರುವಾಯಿತೆಂದರೆ ‘ಉಪ್ಪು ಕೊಡು’ ಅನ್ನುವುದಕ್ಕೂ ಪಕ್ಕದ ಬೀದಿಗೆ ಮುಟ್ಟುವಷ್ಟು ಗಂಟಲು ಬೇಕು. ಸಂಜೆ ಮೋಟಾರ್ ನಿಂತ ಮೇಲೆ ಗಂಟಲೂ ನಿಲ್ಲಬೇಕಲ್ಲ, ಅದು ನಿಲ್ಲುತ್ತಿರಲಿಲ್ಲ. ಗಂಡ ಹೆಂಡತಿ ಪ್ರೀತಿಯಿಂದ ಮಾತಾಡಿಕೊಂಡರೂ ಬೀದಿಯವರು ಜಗಳ ಬಿಡಿಸಲು ಓಡಿಬರುತ್ತಿದ್ದ ಕಾಲವೊಂದಿತ್ತು. ಈಗ ನಿಜವಾಗಿ ಜಗಳವಾಡಿದರೂ ಯಾರೂ ಬರುವುದಿಲ್ಲ.

ಹಾಗಂತ ಆ ಮನೆಯಲ್ಲಿ ಗುಟ್ಟುಗಳಿರಲಿಲ್ಲ ಅಂತಲ್ಲ. ಗುಟ್ಟು ಹೇಳುವುದಕ್ಕೆ ಅವರದೇ ಒಂದು ರೀತಿ ಇತ್ತು: ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಅಗಲಿಸಿ, ಕೂಗುವುದು. ಕೈ ಅಡ್ಡ ಇದ್ದರೆ ಅದು ಪಿಸುಮಾತು. ಗಿರಣಿ ಓಡುತ್ತಿರುವಾಗ ಈ ಏರ್ಪಾಡಿನಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಆ ವರ್ಷ ಗಿರಣಿಯ ಛಾವಣಿ ಬಿಚ್ಚಿ ಹೊಸದಾಗಿ ಹೊದಿಸಬೇಕಾಯಿತು. ಕಲ್ಲಿಗೆ ಗೋಣಿ ಹೊದಿಸಿ ಮಲಗಿಸಿದ ದಿನ ಯಜಮಾನರು ಸಾವಿನ ಮನೆಯಲ್ಲಿ ಕೂತವರಂತೆ ಕೂತಿದ್ದರು. ಆಗ ಮಗಳು ಬಂದು ಒಂದು ದ್ವೀಪದ ಮಾತೆತ್ತಿದಳು. ಅಲ್ಲಿ ಮರಳಿದೆ, ತೆಂಗಿನ ಮರಗಳಿವೆ, ಒಂದೇ ಒಂದು ಅತಿಥಿಗೃಹವಿದೆ, ವಾಹನ ಅಂತ ಒಂದೂ ಇಲ್ಲ, ತುಂಬ ನಿಶ್ಶಬ್ದವಾಗಿರುತ್ತದೆ.

“ನಿಶ್ಶಬ್ದ ತಗೊಂಡು ಏನು ಮಾಡೋಣ?” ಎಂದರು ಯಜಮಾನರು.

“ನೋಡೋಣ ಅಪ್ಪಾ. ಹೇಗಿರುತ್ತೆ ಅಂತ!”

“ಹೊರಡಿ ಅಂದ್ರೆ,” ಹೆಂಡತಿ ಕಿಟಕಿಯಿಂದ ಕೂಗಿದರು. “ನೀವು ಇಲ್ಲೇ ಇದ್ರೆ ಛಾವಣಿಯವನ ತಲೆ ತಿಂದು ಅವನನ್ನೂ ಓಡಿಸ್ತೀರಿ!”

ಹೀಗೆ ಹೊರಟರು.

ದ್ವೀಪ ಮಗಳು ಹೇಳಿದಂತೆಯೇ ಇತ್ತು. ಒಂದು ಕಡೆ ಸಮುದ್ರ. ಇನ್ನೊಂದು ಕಡೆ ಹವಳದ ದಿಬ್ಬವೊಂದು ಬಳೆಯ ಹಾಗೆ ಬಾಗಿ ಅಲೆಗಳನ್ನು ಹೊರಗೇ ತಡೆದು, ಒಳಗೆ ನೀರನ್ನು ಕೊಳದಂತೆ ನಿಲ್ಲಿಸಿತ್ತು. ಅಲ್ಲಿಯವರು ಅದನ್ನು ಒಳಗಡಲು ಅನ್ನುತ್ತಿದ್ದರು. ಒಳಗಡಲಿನ ದಡದಲ್ಲಿ ಅತಿಥಿಗೃಹ, ಅದರ ಗೋಡೆಯ ಮೇಲೆ ‘ದಯವಿಟ್ಟು ಮೆಲ್ಲಗೆ’ ಎಂಬ ಹಲಗೆ. ಅದರ ಒಡತಿ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಆಕೆ ಕೋಣೆ ತೋರಿಸುತ್ತ ಹೇಳಿದ್ದಕ್ಕೆಲ್ಲ ಯಜಮಾನರು ಅಂದಾಜಿನ ಮೇಲೆ ತಲೆಯಾಡಿಸಿ, ಆಮೇಲೆ ಹೆಂಡತಿಗೆ ಹೇಳಿದರು: “ಪಾಪ, ಆ ಹೆಂಗಸಿಗೆ ದನಿ ಬಿದ್ದುಹೋಗಿದೆ!” ಒಡತಿ ಅಲ್ಲೇ ಬಾಗಿಲ ಆಚೆ ಇದ್ದಳು. ಆಚೆ ಏನು ಬಂತು, ದ್ವೀಪದ ಆ ತುದಿಯಲ್ಲಿ ಬಲೆ ಒಣಹಾಕುತ್ತಿದ್ದವರೂ ತಿರುಗಿ ನೋಡಿದರು.

ಅವರನ್ನು ಬಿಟ್ಟರೆ ಅಲ್ಲಿದ್ದ ಅತಿಥಿ ಒಬ್ಬರೇ, ನಿವೃತ್ತ ಹೆಡ್‌ಮಿಸ್ಟ್ರೆಸ್. ಪ್ರತಿವರ್ಷ ಅದೇ ದಪ್ಪ ಕಾದಂಬರಿಯನ್ನು ಓದಿ ಮುಗಿಸಲು ಅಲ್ಲಿಗೆ ಬರುತ್ತಿದ್ದರಂತೆ. ಈ ಸಲವೂ ಮುಗಿಯುವುದಿಲ್ಲ ಎಂಬುದು ಗಿರಣಿಯವರು ದೋಣಿಯಿಂದ ಇಳಿದ ಕೂಡಲೇ ಅವರಿಗೆ ಗೊತ್ತಾಗಿಹೋಯಿತು.

ಮರುದಿನ ಬೆಳಗ್ಗೆ ಯಜಮಾನರು ದೋಣಿಯವನ ಜೊತೆ ಒಳಗಡಲು ಸುತ್ತಲು ಹೊರಟರು. ಗಾಳಿ ಇರಲಿಲ್ಲ. ನೀರು ಎಣ್ಣೆ ಹಚ್ಚಿದ ತಟ್ಟೆಯ ಹಾಗೆ ಮಿನುಗುತ್ತಿತ್ತು. ದೋಣಿ ನಡುನೀರಿಗೆ ಬಂದಾಗ ಅವರು ದಡದ ಕಡೆ ನೋಡಿದರು. ಅತಿಥಿಗೃಹದ ಮೆಟ್ಟಿಲ ಮೇಲೆ ಹೆಂಡತಿ, ಮಗಳು ಇಬ್ಬರೂ ಬೆರಳಷ್ಟಾಗಿ ಕಾಣುತ್ತಿದ್ದರು. ಮಗಳು ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

“ಅಮ್ಮಾ! ಒಂದು ಗುಟ್ಟು!”

ಮಾತು ನೀರಿನ ಮೇಲೆ ಜಾರಿಕೊಂಡು ಬಂದು ದೋಣಿಯೊಳಗೇ ಕೂತಿತು.

“ಹೇಳೇ!”

“ನಾನು ಆ ಡಬ್ಬಿಯವನನ್ನ ಮದುವೆ ಆಗ್ಬೇಕು ಅಂತಿದ್ದೀನಿ!”

“ಯಾವ ಡಬ್ಬಿಯವನೇ?”

“ಅದೇ ಅಮ್ಮಾ, ಅಡುಗೆಮನೆ ಗಿರಣಿ ಮಾರೋನು! ಅಪ್ಪ ಹಿಟ್ಟು ಎರಚಿ ಓಡಿಸಿದ್ನಲ್ಲ, ಅವನು!”

ದೋಣಿಯವನ ಹುಟ್ಟು ನೀರಿನಿಂದ ಮೇಲೆದ್ದದ್ದು ಹಾಗೇ ನಿಂತಿತು. ಯಜಮಾನರು ಕೂತಲ್ಲೇ ಕಲ್ಲಾದರು.

ಡಬ್ಬಿಯವನು ಅವರಿಗೆ ಚೆನ್ನಾಗಿ ಗೊತ್ತು. ಆ ಹೆಸರಿಟ್ಟವರೇ ಅವರು. ಮನೆಯ ಅಡುಗೆಮನೆಯಲ್ಲೇ ಇಟ್ಟುಕೊಂಡು ಹಿಟ್ಟು ಮಾಡಿಕೊಳ್ಳುವ ಪುಟ್ಟ ಯಂತ್ರವನ್ನು ಆ ಹುಡುಗ ಮನೆಮನೆಗೆ ಮಾರುತ್ತಿದ್ದ. ನೋಡಲು ಬಿಸ್ಕತ್ತಿನ ಡಬ್ಬಿಯ ಹಾಗಿರುತ್ತಿತ್ತು ಅದು. ಸದ್ದೇ ಇಲ್ಲ ಎಂಬುದು ಅದರ ದೊಡ್ಡ ಗುಣವಂತೆ. ಸದ್ದಿಲ್ಲದೆ ಅದು ಬೀದಿಯ ಅರ್ಧ ಮನೆಗಳೊಳಗೆ ಹೊಕ್ಕಿತ್ತು, ಅಷ್ಟೇ ಸದ್ದಿಲ್ಲದೆ ಗಿರಣಿಯ ಮುಂದಿನ ಸಾಲು ಕರಗುತ್ತ ಬಂದಿತ್ತು. ಇಷ್ಟಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಆ ಭೂಪ ಒಂದು ದಿನ ನೇರ ಗಿರಣಿಗೇ ಬಂದು, “ಸರ್, ನಮ್ಮ ಮೆಷಿನ್ ಒಂದನ್ನ ಇಲ್ಲಿ ನಿಮ್ಮ ಮೇಜಿನ ಮೇಲೆ ಇಡಬಹುದಾ? ಕಾಯ್ತಾ ನಿಂತಿರೋರು ನೋಡ್ಲಿ ಅಂತ,” ಎಂದು ನಗುನಗುತ್ತ ಕೇಳಿದ್ದ. ಯಜಮಾನರು ಬೊಗಸೆ ತುಂಬ ಹಿಟ್ಟು ತೆಗೆದು ಅವನ ಮುಖಕ್ಕೆ ಎರಚಿದ್ದರು. ಕಣ್ಣು ಕಾಣದೆ ಬಾಗಿಲ ಬದಲು ಗೋಡೆಗೆ ಹೋಗಿ ಡಿಕ್ಕಿ ಹೊಡೆದವನನ್ನು ಕೈಹಿಡಿದು ಹಿತ್ತಲ ನಲ್ಲಿಗೆ ಕರೆದುಕೊಂಡು ಹೋದದ್ದು ಮಗಳು. ಒಳ್ಳೇ ಹುಡುಗಿ, ಮನುಷ್ಯತ್ವ ಇದೆ, ಎಂದು ಆಗ ಯಜಮಾನರು ಹೆಮ್ಮೆಪಟ್ಟಿದ್ದರು.

“ಅಪ್ಪನಿಗೆ ಹೇಳಿದ್ಯಾ?” ದಡದಿಂದ ಹೆಂಡತಿಯ ದನಿ.

“ಅದಕ್ಕೇ ಅಲ್ವಾ ಇಲ್ಲಿಗೆ ಕರ್ಕೊಂಡು ಬಂದಿದ್ದು! ಊರಲ್ಲಿ ಆ ಸದ್ದಲ್ಲಿ ಹೇಗೆ ಹೇಳ್ಲಿ? ಜೋಳ ನುಣ್ಣಗೆ ಮಾಡಪ್ಪಾ, ನನಗೆ ಮದುವೆ ಮಾಡಪ್ಪಾ ಅಂತ ಒಂದೇ ಉಸಿರಲ್ಲಿ ಕೂಗೋಕಾಗುತ್ತಾ? ಇಲ್ಲೂ ಹೇಳೋಕಾಗದೆ ಹೋದ್ರೆ ಬಿಟ್ಟುಬಿಡ್ತೀನಮ್ಮ. ಅವನಿಗೂ ಆಗಲ್ಲ ಅಂತ ಹೇಳಿಬಿಡ್ತೀನಿ. ಪಾಪ, ಎಷ್ಟು ಅಂತ ಕಾಯಿಸೋದು ಅವನನ್ನ!”

“ಮೆಲ್ಲಗೆ ಮಾತಾಡೇ! ಯಾರಾದ್ರೂ ಕೇಳಿಸ್ಕೊಂಡಾರು!”

ಅತಿಥಿಗೃಹದ ಮೇಲಿನ ಕೋಣೆಯ ಕಿಟಕಿಯಲ್ಲಿ ಹೆಡ್‌ಮಿಸ್ಟ್ರೆಸ್ ಕಾದಂಬರಿ ಮುಚ್ಚಿ ಕೆಳಗೆ ಬಗ್ಗಿ ನೋಡುತ್ತಿದ್ದರು. ಬಲೆಯವರು ಒಣಹಾಕುವುದು ಬಿಟ್ಟು ಕಿವಿಗೊಟ್ಟಿದ್ದರು.

ದೋಣಿಯವನು ಕೆಮ್ಮಿದ. “ಯಜಮಾನ್ರೇ, ಏನಾದ್ರೂ ಕೇಳಿಸ್ತಾ?”

“ಇಲ್ಲಪ್ಪ. ಗಿರಣಿಯಲ್ಲಿದ್ದು ಇದ್ದು ನನಗೆ ಕಿವಿ ಮಂದ.”

“ನಂಗೂ ಏನೂ ಕೇಳಿಸ್ಲಿಲ್ಲ,” ಎಂದ ದೋಣಿಯವನು, ಕಿವಿಯವರೆಗೂ ನಗುತ್ತ.

ಯಜಮಾನರ ತಲೆಯಲ್ಲಿ ಮೊದಲು ಬೆಂಕಿ ಎದ್ದಿತು. ದಡಕ್ಕೆ ಹೋಗಿ ದ್ವೀಪ ಹಾರಿಹೋಗುವ ಹಾಗೆ ಕೂಗಬೇಕು ಅನ್ನಿಸಿತು. ಆದರೆ ಅರ್ಧ ದಾರಿ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಅದು ಎಷ್ಟು ತಣ್ಣಗಿತ್ತೆಂದರೆ ಅವರಿಗೇ ಮೈ ಜುಮ್ಮೆಂದಿತು. ಮಗಳು ಏನು ಹೇಳಿದಳು? ಇಲ್ಲಿ ಹೇಳೋಕಾಗದಿದ್ದರೆ ಬಿಟ್ಟುಬಿಡ್ತೀನಿ ಅಂದಳು. ಅಂದರೆ ತಾವು ಬೇಡ ಅನ್ನಬೇಕಾಗಿಯೂ ಇಲ್ಲ, ಕೂಗಬೇಕಾಗಿಯೂ ಇಲ್ಲ, ಮಗಳ ಕಣ್ಣೀರಿಗೆ ಕಾರಣವಾದ ಕಟುಕ ಅನ್ನಿಸಿಕೊಳ್ಳಬೇಕಾಗಿಯೂ ಇಲ್ಲ. ಊರಿಗೆ ಮರಳುವ ದೋಣಿ ಹತ್ತುವವರೆಗೆ ಅವಳ ಕೈಗೆ ಒಂಟಿಯಾಗಿ ಸಿಗದಿದ್ದರೆ ಸಾಕು. ಕೈ ತೊಳೆದುಕೊಂಡ ಹಾಗೆ.

ಕಷ್ಟವೇನೆಂದರೆ, ದ್ವೀಪ ಅಷ್ಟು ದೊಡ್ಡದಿರಲಿಲ್ಲ. ಅದಕ್ಕಿಂತ ಕಷ್ಟವೆಂದರೆ, ಅಷ್ಟು ಹೊತ್ತಿಗೆ ದ್ವೀಪದವರೆಲ್ಲ ಮಗಳ ಕಡೆಯವರಾಗಿದ್ದರು.

ತಿಂಡಿಯ ಮೇಜಿನಲ್ಲೇ ಗೊತ್ತಾಯಿತು. ಮಗಳು, “ಅಪ್ಪಾ, ನಿನ್ನ ಹತ್ರ ಸ್ವಲ್ಪ ಮಾತಾಡೋದಿತ್ತು,” ಅಂದದ್ದೇ ತಡ, ಹೆಡ್‌ಮಿಸ್ಟ್ರೆಸ್ ತುತ್ತನ್ನು ಬಾಯಲ್ಲಿಟ್ಟುಕೊಂಡೇ ತಟ್ಟೆ ಎತ್ತಿಕೊಂಡು ಎದ್ದರು. ಒಡತಿ ಚಹಾದ ಪಾತ್ರೆಯೊಂದಿಗೆ ಮಾಯವಾದಳು. ಹೆಂಡತಿಗೆ ಇದ್ದಕ್ಕಿದ್ದಂತೆ ಬಟ್ಟೆ ಒಣಹಾಕುವುದು ನೆನಪಾಯಿತು. ಯಜಮಾನರು ನೋಡನೋಡುತ್ತಿದ್ದ ಹಾಗೆ ಮೇಜು ಖಾಲಿ, ಎದುರಿಗೆ ಮಗಳು.

“ತಟ್ಟೆ ತೊಳೀಬೇಕು!” ಎಂದು ಯಜಮಾನರು ಜಿಗಿದೆದ್ದರು. ಹುಟ್ಟಿದಾರಭ್ಯ ಒಂದು ಲೋಟವನ್ನೂ ತೊಳೆಯದಿದ್ದ ಮನುಷ್ಯ ಅಡುಗೆಮನೆಗೆ ನುಗ್ಗಿ, ಒಡತಿ ಬೇಡಬೇಡವೆಂದು ತುಟಿಯಾಡಿಸುತ್ತಿದ್ದರೂ ಬಿಡದೆ, ಇದ್ದ ಪಾತ್ರೆಗಳನ್ನೆಲ್ಲ ತೊಳೆದು, ತೊಳೆದಿದ್ದವನ್ನೂ ತೊಳೆದರು.

ಮಧ್ಯಾಹ್ನ ಕೋಣೆಯಲ್ಲಿ ಹೆಂಡತಿ ಶುರುಮಾಡಿದರು: “ರೀ, ಪುಟ್ಟಿ ಏನೋ ಹೇಳ್ಬೇಕಂತೆ…” ಯಜಮಾನರು ಆ ಕ್ಷಣವೇ ಗೊರಕೆ ಹೊಡೆದರು.

“ಈಗ ತಾನೇ ಕಣ್ಣು ತೆರ್ಕೊಂಡಿದ್ರಿ!”

ಗೊರಕೆ ಇನ್ನೂ ಜೋರಾಯಿತು.

“ಕಣ್ಣು ಬಿಟ್ಕೊಂಡೇ ಗೊರಕೆ ಹೊಡೆಯೋ ಮನುಷ್ಯನ್ನ ಇವತ್ತೇ ನೋಡಿದ್ದು,” ಎಂದು ಹೆಂಡತಿ ಬಾಗಿಲು ಬಡಿದುಕೊಂಡು ಹೊರಗೆ ಹೋದರು.

ಸಂಜೆ ಹೆಡ್‌ಮಿಸ್ಟ್ರೆಸ್ ಬಂದು, “ಬನ್ನಿ, ಸ್ವಲ್ಪ ಓಡಾಡಿಕೊಂಡು ಬರೋಣ,” ಎಂದರು. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಡೆಸಿ ಅಭ್ಯಾಸವಿದ್ದ ಹೆಂಗಸು, ಅವರನ್ನು ಎರಡು ಬಂಡೆ ದಾಟಿಸಿ, ಮೂಲೆ ತಿರುಗಿಸಿ, ಸರಿಯಾಗಿ ಮಗಳು ಕೂತಿದ್ದ ಜಾಗಕ್ಕೆ ತಂದು ನಿಲ್ಲಿಸಿ, “ಅಯ್ಯೋ, ಕನ್ನಡಕ ಮರೆತೆ,” ಎಂದು ಹೊರಟರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

“ಅಪ್ಪಾ…” ಎಂದು ಮಗಳು ಎದ್ದಳು.

ಹಿಂದೆ ಬಂಡೆ, ಎದುರಿಗೆ ಮಗಳು. ಉಳಿದದ್ದು ನೀರೊಂದೇ. ಯಜಮಾನರು ಅಂಗಿ ಸಮೇತ ಒಳಗಡಲಿಗೆ ಇಳಿದುಬಿಟ್ಟರು.

“ನೀರು ಭಾಳ ಚೆನ್ನಾಗಿದೆ ಕಣೇ!”

“ಅಪ್ಪಾ, ಚಪ್ಪಲಿ ಹಾಕ್ಕೊಂಡೇ ಇಳಿದಿದ್ದೀಯ!”

“ಹಾಗೇ ಇಳೀಬೇಕಂತೆ! ಕೆಳಗೆ ಹವಳ ಚುಚ್ಚುತ್ತೆ!”

ಮಗಳು ಮೊಣಕಾಲವರೆಗೆ ಇಳಿದಳು. ಅವರು ಸೊಂಟದವರೆಗೆ ಹೋದರು. ಅವಳು ಸೊಂಟಕ್ಕೆ ಬಂದಾಗ ಅವರು ಕುತ್ತಿಗೆವರೆಗೆ ಸರಿದರು. ಈಜು ಬಾರದ ಮನುಷ್ಯ, ಕತ್ತು ಮೇಲೆತ್ತಿ ಬಾತುಕೋಳಿಯ ಹಾಗೆ ನಿಂತು, ಆಕಾಶ ನೋಡುತ್ತ, ಏನೋ ಹಾಡು ಗುನುಗಿದರು. ಮಗಳು ಸ್ವಲ್ಪ ಹೊತ್ತು ಅವರನ್ನೇ ನೋಡಿದಳು. ಆಮೇಲೆ ತಿರುಗಿ ದಡಕ್ಕೆ ಹೋದಳು. ಒದ್ದೆ ಬಟ್ಟೆ ಕಾಲಿಗೆ ಅಂಟಿಕೊಂಡು ಅವಳಿಗೆ ಸರಿಯಾಗಿ ನಡೆಯಲೂ ಆಗುತ್ತಿರಲಿಲ್ಲ.

ಗೆದ್ದೆ, ಅಂದುಕೊಂಡರು ಯಜಮಾನರು. ನೀರಿನಿಂದ ಹೊರಗೆ ಬರುವಾಗ ಒಂದು ಚಪ್ಪಲಿ ಇರಲಿಲ್ಲ.

ಮೆಟ್ಟಿಲ ಬಳಿ ಹೆಡ್‌ಮಿಸ್ಟ್ರೆಸ್ ಅಡ್ಡಗಟ್ಟಿದರು. “ನಿಮ್ಮ ಮಗಳ ಮಾತು ಒಂದು ಗಳಿಗೆ ನಿಂತು ಕೇಳಿದ್ರೆ ನಿಮ್ಮ ಗಂಟು ಏನು ಹೋಗುತ್ತೆ?”

“ಯಾವ ಮಾತು?”

“ಯಾವ ಮಾತಂತೆ! ಬಲೆ ಒಣಹಾಕೋರಿಗೂ ಗೊತ್ತು. ಇಲ್ಲಿನ ಅಡುಗೆಯವಳು ಆಗ್ಲೇ ಹುಡುಗ ನೋಡೋಕೆ ಹೇಗಿದ್ದಾನೆ ಅಂತ ನನ್ನನ್ನ ಕೇಳ್ತಿದ್ದಾಳೆ. ನಿಮ್ಮೊಬ್ಬರಿಗೆ ಗೊತ್ತಿಲ್ಲ ಅಲ್ವಾ?”

“ನನಗೆ ಕಿವಿ ಮಂದ,” ಎಂದರು ಯಜಮಾನರು, ನೀರು ಸುರಿಸುತ್ತ, ಒಂದೇ ಚಪ್ಪಲಿಯಲ್ಲಿ ಕುಂಟುತ್ತ.

“ಮಂದವಾಗಿರೋದು ಕಿವಿ ಅಲ್ಲ,” ಎಂದು ಹೆಡ್‌ಮಿಸ್ಟ್ರೆಸ್ ಕಾದಂಬರಿ ತೆರೆದರು.

ಹೊರಡುವ ಹಿಂದಿನ ದಿನ ಬೆಳಗ್ಗೆ ದೋಣಿಯವನು, “ಯಜಮಾನ್ರೇ, ನೀರು ಇಳಿದಾಗ ಒಳಗಡಲ ನಡುವೆ ಒಂದು ಮರಳದಿಬ್ಬ ಏಳುತ್ತೆ. ಅದನ್ನ ನೋಡದೆ ಹೋದ್ರೆ ನೀವು ಬಂದದ್ದೇ ದಂಡ,” ಎಂದು ಹುರಿದುಂಬಿಸಿದ. ದೋಣಿಯಲ್ಲಿ ಆಗಲೇ ಹೆಂಡತಿ ಕೂತಿದ್ದರು, ಮಗಳೂ ಕೂತಿದ್ದಳು. ಹೆಂಡತಿ ಇದ್ದಾರಲ್ಲ ಎಂಬ ಧೈರ್ಯದ ಮೇಲೆ ಅವರೂ ಹತ್ತಿದರು. ದಿಬ್ಬದ ಮೇಲೆ ಮೊದಲು ಯಜಮಾನರು ಇಳಿದರು, ಅವರ ಹಿಂದೆ ಮಗಳು ಇಳಿದಳು, ಹೆಂಡತಿ ಇಳಿಯಲೇ ಇಲ್ಲ.

“ನಂಗೆ ತಲೆ ಸುತ್ತುತ್ತೆ! ನೀವು ನೋಡ್ತಾ ಇರಿ!” ಎಂದು ಅವರು ಕೂಗುವಷ್ಟರಲ್ಲಿ ದೋಣಿ ತಿರುಗಿತ್ತು. ದೋಣಿಯವನು ಹಿಂದಕ್ಕೂ ನೋಡಲಿಲ್ಲ. ಅವನ ಬೆನ್ನು ಮಾತ್ರ ನಗುತ್ತಿತ್ತು.

ಮರಳದಿಬ್ಬ ಅಂದರೆ ಒಂದು ದೊಡ್ಡ ಚಾಪೆಯಷ್ಟು. ಮರವಿಲ್ಲ, ಬಂಡೆಯಿಲ್ಲ, ತೊಳೆಯಲು ತಟ್ಟೆಯಿಲ್ಲ. ಸುತ್ತ ಕತ್ತು ಮುಳುಗುವ ನೀರು. ಯಜಮಾನರು ಸಿಕ್ಕಿಬಿದ್ದಿದ್ದರು. ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ಏಟಿಗೆ ಕಾದವರಂತೆ ಕಾದರು.

ಏನೂ ಬರಲಿಲ್ಲ. ಕಣ್ಣು ತೆರೆದರು. ಮಗಳು ಮರಳ ಮೇಲೆ ಕೂತು ಒಂದು ಚಿಕ್ಕ ಏಡಿಯನ್ನು ನೋಡುತ್ತಿದ್ದಳು.

“ಬಿಸಿಲು ಜಾಸ್ತಿ ಅಲ್ವಾ ಅಪ್ಪಾ?” ಎಂದಳು.

“ಹ್ಞೂಂ. ಜಾಸ್ತಿ.”

“ಊರಿಗೆ ಹೋದ ಕೂಡ್ಲೇ ಗಿರಣಿ ಬೆಲ್ಟ್ ಬದಲಾಯಿಸ್ಬೇಕು. ಹಳೇದು ಪಕ್ಕಕ್ಕೆ ಎಳೀತಾ ಇದೆ.”

“ಬದಲಾಯಿಸೋಣ.”

“ಕಲ್ಲಿಗೂ ಹಲ್ಲು ಹಾಕಿಸ್ಬೇಕು. ಹಿಟ್ಟು ತರಿತರಿ ಬರ್ತಿದೆ ಅಂತ ಹಿಂದಿನ ಬೀದಿಯವರು ಬಯ್ತಿದ್ರು.”

“ಹಾಕಿಸೋಣ.”

ಅವಳು ಮತ್ತೆ ಏಡಿಯ ಕಡೆ ತಿರುಗಿದಳು. ಯಜಮಾನರಿಗೆ ಅರ್ಥವಾಯಿತು. ಬಿಟ್ಟುಬಿಟ್ಟಿದ್ದಾಳೆ. ಅವರು ಬೇಡಿಕೊಂಡದ್ದೇ ಕೈಗೆ ಬಂದಿತ್ತು. ಈಗ ಖುಷಿಯಾಗಬೇಕಲ್ಲ, ಎಂದು ಎದೆಯೊಳಗೆ ಹುಡುಕಿದರು. ಅಲ್ಲಿ ಖುಷಿ ಇರಲಿಲ್ಲ. ಗೋಣಿ ಹೊದಿಸಿದ ಕಲ್ಲಿನಂಥದ್ದೇನೋ ಮಲಗಿತ್ತು. ಅವಳು ಬೆಲ್ಟಿನ ಮಾತಾಡಿದ ರೀತಿ ಅವರಿಗೆ ಗೊತ್ತಿತ್ತು. ತಮ್ಮ ಅಪ್ಪನ ಎದುರು ಕೂತು ತಾವೂ ಹೀಗೇ ಬೆಲ್ಟು, ಕಲ್ಲು, ಮೋಟಾರು ಎಂದು ಮಾತಾಡಿದ್ದರು. ಬೇರೆ ಮಾತೆತ್ತುವ ಮೊದಲೇ ಅಪ್ಪ ತೀರಿಕೊಂಡಿದ್ದ. ಎತ್ತಬೇಕೆಂದಿದ್ದ ಮಾತು ಯಾವುದೆಂಬುದೂ ಈಗ ಮರೆತುಹೋಗಿತ್ತು.

“ಅದೇನೋ ಮಾತಾಡೋದಿತ್ತು ಅಂತಿದ್ದೆಯಲ್ಲ?” ಎಂದರು.

“ಏನಿಲ್ಲ ಬಿಡಪ್ಪಾ.”

“ಏನಿಲ್ಲ ಅಂದ್ರೆ? ಏನೋ ಇತ್ತಲ್ಲ!”

“ಮರೆತುಹೋಯ್ತು.”

“ನೀನಾ ಮರೆಯೋದು? ಗಿರಣಿಗೆ ಬರೋ ಯಾವ ಡಬ್ಬಿ ಯಾರದು ಅಂತ ಮುಚ್ಚಳ ನೋಡೇ ಹೇಳ್ತೀಯ!”

‘ಡಬ್ಬಿ’ ಎಂದದ್ದಕ್ಕೆ ಅವಳ ಮುಖ ಒಂದು ಕ್ಷಣ ಮೇಲೆದ್ದು ಮತ್ತೆ ಇಳಿಯಿತು. “ಈ ಏಡಿ ನೋಡಪ್ಪಾ, ಹೇಗೆ ಅಡ್ಡಡ್ಡ ಓಡುತ್ತೆ,” ಎಂದು ಎದ್ದು ದಿಬ್ಬದ ಆ ಅಂಚಿಗೆ ಹೋದಳು. ಯಜಮಾನರು ಹಿಂದೆಯೇ ಹೋದರು. ಅವಳು ಈ ಅಂಚಿಗೆ ಬಂದಳು. ಅವರೂ ಬಂದರು. ಹೀಗೆ ಅಪ್ಪ ಮಗಳು ಆ ಚಾಪೆಯಷ್ಟು ಜಾಗದಲ್ಲಿ, ಒಬ್ಬರನ್ನೊಬ್ಬರು ಅಟ್ಟಿಕೊಂಡು, ಏಡಿಯನ್ನೂ ಅಟ್ಟಿಕೊಂಡು ಸುತ್ತಿದರು. ದಡದಲ್ಲಿ ಇಡೀ ದ್ವೀಪ ಸಾಲಾಗಿ ನಿಂತು ನೋಡುತ್ತಿತ್ತು. ಕೊನೆಗೆ ಏದುಸಿರು ಬಿಡುತ್ತ ಯಜಮಾನರು ನಿಂತುಬಿಟ್ಟರು.

“ಆ ಡಬ್ಬಿಯವನು ಹೇಗಿದ್ದಾನೆ?”

ಮಗಳು ತಿರುಗಿದಳು. ಮೊದಲು ಬೆರಗಾದಳು, ಆಮೇಲೆ ಒಂದೊಂದೇ ಹೊಳೆಯುತ್ತ ಹೋದದ್ದು ಅವಳ ಮುಖದಲ್ಲಿ ಕಂಡಿತು. ತಟ್ಟೆ, ಗೊರಕೆ, ನೀರು.

“ಅಪ್ಪಾ, ನಿನಗೆ ಗೊತ್ತಿತ್ತಾ?”

“ದೋಣಿಯಲ್ಲಿ… ಗಾಳಿ ಇರ್ಲಿಲ್ಲ… ಕೇಳಿಸ್ತು.”

“ಗೊತ್ತಿದ್ದೂ ನನ್ನನ್ನ ಕುತ್ತಿಗೆವರೆಗೂ ನೀರಿಗಿಳಿಸಿದ್ಯಾ? ನಾನು ಎರಡು ಹೊತ್ತು ಊಟ ಬಿಟ್ಟು ಹೇಗೆ ಹೇಳ್ಲಿ, ಹೇಗೆ ಹೇಳ್ಲಿ ಅಂತ ಒದ್ದಾಡಿದ್ರೆ, ನೀನು ಬಾತುಕೋಳಿ ಹಾಗೆ ಹಾಡು ಹೇಳ್ತಾ ನಿಂತಿದ್ಯಾ?”

“ಸೊಂಟದವರೆಗೆ. ಕುತ್ತಿಗೆವರೆಗೆ ನಾನು ಇದ್ದೆ,” ಎಂದು ಯಜಮಾನರು ತಿದ್ದಿದರು.

“ಬೇಡ ಅಂತಾದ್ರೂ ಹೇಳ್ಬಹುದಿತ್ತಲ್ಲ! ಬಯ್ಯಬಹುದಿತ್ತು! ಬೈದಿದ್ರೆ ತಿರುಗಿಸಿ ನಾನೂ ಬೈತಿದ್ದೆ!” ಅವಳಿಗೆ ಅಳು ಬಂದಿತ್ತು. ಆದರೂ ಗಂಟಲು ಗಿರಣಿಯದು; ದೂರದ ಹವಳದ ದಿಬ್ಬದ ಮೇಲಿದ್ದ ಬಿಳಿ ಹಕ್ಕಿಗಳೆಲ್ಲ ಹಾರಿಹೋದವು. “ನಾನು ಅವನಿಗೆ ಏನಂತ ಹೇಳ್ಲಿ? ನಮ್ಮಪ್ಪ ಬೇಡ ಅಂತಲೂ ಹೇಳಲಿಲ್ಲ, ಬರೀ ಓಡಿಹೋದ ಅಂತ ಹೇಳ್ಲಾ?”

ಯಜಮಾನರು ಉತ್ತರಕ್ಕೆ ಬಾಯಿ ತೆರೆದರು. ಜೀವಮಾನದಲ್ಲಿ ಮೊದಲ ಸಲ ಬಾಯಿಂದ ದನಿ ಕಡಿಮೆ ಬಂತು.

“ಕರ್ಕೊಂಡು ಬಾ ಅವನನ್ನ.”

“ಏನು?”

“ಗಿರಣಿಗೆ. ಬರ್ಲಿ. ಮೆಷಿನ್ ತರೋದು ಬೇಡ. ಅವನೊಬ್ಬನೇ ಬರ್ಲಿ. ಹಿಟ್ಟು ಎರಚಲ್ಲ.”

ಮಗಳು ಮೂಗೊರೆಸಿಕೊಂಡು ಅವರನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ತೂಗುತ್ತಿದ್ದಳು. ಪಾಪ, ಅವಳದೂ ತಪ್ಪಲ್ಲ.

“ಹಾಗಂತ ಒಪ್ಪಿದೆ ಅಂತಲ್ಲ,” ಎಂದು ಯಜಮಾನರು ಅವಸರದಿಂದ ಸೇರಿಸಿದರು. “ನೋಡ್ತೀನಿ. ಅವನು ಮಾರೋ ಸಾಮಾನು ಕಂಡ್ರೆ ನನಗೆ ಈಗಲೂ ಮೈ ಉರಿಯುತ್ತೆ. ನಾಳೆಯೂ ಉರಿಯುತ್ತೆ.”

“ಉರೀಲಿ. ಆದ್ರೆ ಮನೆಗೆ ಬಂದಾಗ ಬಯ್ಯಬಾರದು.”

“ಬಯ್ಯದೆ ಮತ್ತೇನು ಮಾತಾಡ್ಲಿ? ನನಗೂ ಅವನಿಗೂ ಬೇರೆ ಏನು ವಿಷಯ ಇದೆ?”

“ಹುಡುಕು.”

ಯಜಮಾನರು ಮರಳ ಮೇಲೆ ಕೂತು ಹುಡುಕಿದರು. ನಿಜವಾಗಿಯೂ ಹುಡುಕಿದರು, ಹಣೆ ಗಂಟಿಕ್ಕಿಕೊಂಡು. ನೀರು ಏರತೊಡಗಿ ದಿಬ್ಬದ ಅಂಚು ಒಂದೊಂದೇ ಗೆರೆ ಒಳಕ್ಕೆ ಸರಿಯುತ್ತಿತ್ತು. ದೂರದಲ್ಲಿ ದೋಣಿಯವನು ಹುಟ್ಟು ಕೈಗೆತ್ತಿಕೊಂಡ. ಪರ ಮನುಷ್ಯನೊಬ್ಬನ ಹತ್ತಿರ ಹಿಟ್ಟಿನ ವಿಷಯ ಬಿಟ್ಟು ಕೇಳಬಹುದಾದದ್ದು ಏನಾದರೂ ಒಂದು ಇರಲೇಬೇಕಲ್ಲ.

“ಇಸ್ಪೀಟು ಆಡ್ತಾನಾ?”

“ಗೊತ್ತಿಲ್ಲಪ್ಪಾ. ಕೇಳಿ ಹೇಳ್ತೀನಿ.”

“ನೀನು ಕೇಳ್ಬೇಡ!” ಯಜಮಾನರಿಗೆ ಗಾಬರಿಯಾಯಿತು. “ಅದೊಂದನ್ನೂ ನೀನೇ ಕೇಳಿಬಿಟ್ರೆ ನಾನೇನು ಕೇಳ್ಲಿ?”